ಕ್ಲಬ್ಬಿನ ತಂಪು ಪೆಟ್ಟಿಗೆ

ಅಪ್ಪನ ಮೊಣಕಾಲು ಬಗ್ಗಲಿಲ್ಲ. ಈರಪ್ಪ ಮೊದಲು ಮೆತ್ತಗೆ ಒತ್ತಿದ, ಆಮೇಲೆ ಹಲ್ಲು ಕಚ್ಚಿ ಒತ್ತಿದ. ಬೆನ್ನಿಗೆ ಕೈಕೊಟ್ಟು ಎತ್ತಿದರೆ ಅಪ್ಪ ಬಸಲಿಂಗಪ್ಪನ ಇಡೀ ಮೈ ಹಲಗೆಯ ಹಾಗೆ ಒಟ್ಟಿಗೇ ಎದ್ದಿತು.

ಅಂಗಳದಲ್ಲಿ ಹೆಣ ಹೊರಲು ಹೂವಿನ ವಿಮಾನ ಸಿದ್ಧವಾಗಿತ್ತು. ಹೊಲದಲ್ಲಿ ಕುಣಿ ತೋಡಿ, ಒಳಗೆ ಹೆಣ ಕೂರಿಸುವ ಗೂಡನ್ನೂ ಕೊರೆದಿದ್ದರು. ಆ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಹೂಳಿದ್ದೇ ಇಲ್ಲ. ಅಂಗೈಯಲ್ಲಿ ಲಿಂಗ ಹಿಡಿದು, ಕಾಲು ಮಡಚಿ, ಕೂತೇ ಮಣ್ಣಿಗೆ ಹೋಗಬೇಕು.

"ಗೂಡಿನ್ಯಾಗ ನಿಂದ್ರಸಾಕ ಬರೂದಿಲ್ಲಪಾ ಈರಪ್ಪ," ಎಂದರು ಮಠದ ಅಯ್ಯನವರು, ಮುಖ ಆಚೆ ತಿರುಗಿಸಿ.

ಮೂಲೆಯಲ್ಲಿ ಕೂತಿದ್ದ ತಾಯಿ ಅನ್ನವ್ವ ಬಾಯಿಬಿಟ್ಟಳು. "ನಿನ್ನೆ ಬಡಕೊಂಡ್ನಿ. ಜೀವ ಹೋದಕೂಡ್ಲೆ ಗ್ವಾಡಿಗೆ ಆನಿಸಿ ಕುಂದ್ರಸ್ರಿ, ಧೋತರದ್ಲೆ ಕಟ್ರಿ ಅಂತ. ಕೇಳಿದ್ಯಾ?"

ಕೇಳಿರಲಿಲ್ಲ. ನಿನ್ನೆ ಸಂಜೆ ಅಪ್ಪನ ಉಸಿರು ನಿಂತಾಗ ಅಕ್ಕ ಶೈಲಶ್ರೀ ಸೊಲ್ಲಾಪುರದಲ್ಲಿದ್ದಳು, ಬರುವುದು ಬೆಳಿಗ್ಗೆಯೇ. ಆಗ ಗೊಬ್ಬರದ ಅಂಗಡಿಯ ಸಂಗನಬಸವ ಟ್ರ್ಯಾಕ್ಟರಿನಲ್ಲಿ ಪೆಟ್ಟಿಗೆ ಹೇರಿಕೊಂಡು ಬಂದ. ಅವನು ಊರಿನ ಸ್ನೇಹಸೇವಾ ಕ್ಲಬ್ಬಿನ ಅಧ್ಯಕ್ಷ, ಈರಪ್ಪ ಅದರ ಸದಸ್ಯ. ಹೆಣ ಕೆಡದಂತೆ ಇಡುವ ಹೊಚ್ಚ ಹೊಸ ಪೆಟ್ಟಿಗೆ. ಮೇಲೆ ಗಾಜು, ಎರಡೂ ಬದಿಗೆ ಕೆಂಪಕ್ಷರದಲ್ಲಿ ಕ್ಲಬ್ಬಿನ ಹೆಸರು.

"ಮೊದಲನೇ ಸೇವಾ ನಮ್ಮ ಮೆಂಬರ್ ಮನಿದ ಆಗ್ಲಿ," ಎಂದಿದ್ದ ಸಂಗನಬಸವ. "ಕುಂದ್ರಸೂದು ಮುಂಜಾನೆ ನೋಡೂಣು. ಫ್ರಿಜ್‌ನ್ಯಾಗಿನ ಕಾಯಿಪಲ್ಲೆ ಹೆಂಗ ತಾಜಾ ಇರ್ತಾವ?"

ಅನ್ನವ್ವ ಅಡ್ಡ ಬಂದಾಗ, "ಏ ಯವ್ವಾ, ನಿನಗೇನ ತಿಳಿತೈತಿ, ಸುಮ್ಕ ಕುಂದ್ರ!" ಎಂದು ನಾಲ್ಕು ಮಂದಿಯ ಎದುರು ಗದರಿಸಿದವನು ಈರಪ್ಪನೇ. ಪೆಟ್ಟಿಗೆಗೆ ಬ್ಯಾನರ್ ಕಟ್ಟಿ ಫೋಟೋ ಹೊಡೆಸಿಕೊಂಡರು. ಅದರಲ್ಲಿ ಈರಪ್ಪನೂ ಇದ್ದ. ರಾತ್ರಿಯಿಡೀ ಅಪ್ಪ ಆ ತಂಪಿನಲ್ಲಿ ಮಲಗಿದಂತೆಯೇ ಸೆಟೆದುಹೋದ.

ಈಗ ಈರಪ್ಪ ಬಾಗಿಲ ಹಿಂದಿದ್ದ ಗುದ್ದಲಿಯ ಮರದ ಕಾವು ಕಿತ್ತುಕೊಂಡ. ಮೊದಲ ಪೆಟ್ಟು ಖಾಲಿ ಪೆಟ್ಟಿಗೆಗೆ ಬಿತ್ತು. ಗಾಜಿನ ಚೂರು ಹಿಡಿ ಜೋಳದಂತೆ ಅಂಗಳದ ತುಂಬ ಚೆಲ್ಲಿತು. ಅಲ್ಲಿಂದ ಬಸ್‌ಸ್ಟ್ಯಾಂಡಿನ ಬಾಜು ಇದ್ದ ಕ್ಲಬ್ಬಿನ ಕೋಣೆಗೆ ಬರಿಗಾಲಲ್ಲಿ ಓಡಿದ.

ಭಾನುವಾರದ ಸಭೆ ನಡೆದಿತ್ತು. ಕೆರೆ ಹೂಳು ತೆಗೆಯುವ ಶ್ರಮದಾನದ ಮಾತು ಮುಗಿಸಿ, ಅಧ್ಯಕ್ಷರ ಪಟ್ಟಿ ಕೊರಳಿಗೆ ಹಾಕಿಕೊಂಡ ಸಂಗನಬಸವ ಗಂಟೆ ಬಾರಿಸಿ ಹೇಳುತ್ತಿದ್ದ: "ನಮ್ಮ ಪೆಟ್ಟಿಗಿ ನಿನ್ನೆ ಅಗದಿ ಛಲೋ ಕೆಲಸ ಮಾಡೈತಿ..." ಮಂದಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ನಡುವೆಯೇ ಕಾವು ಅವನ ಹೆಗಲ ಮೇಲೆ ಬಿತ್ತು.

"ಈರಣ್ಣ, ಸಭಾ ನಡದೈತಿ!" ಎಂದು ಅಡ್ಡ ಬಂದ ಕಾರ್ಯದರ್ಶಿ ಮೈಲಾರಿ ಮೊಳಕೈಗೆ ಪೆಟ್ಟು ತಿಂದು ಗೋಡೆಗೆ ಹೋಗಿ ಬಿದ್ದ. ಎರಡನೆಯ ಏಟಿಗೆ ಸಂಗನಬಸವನ ತುಟಿ ಹರಿಯಿತು. ಹಲ್ಲೊಂದು ಟೇಬಲ್ಲಿನ ಮೇಲೆ ಉದುರಿತು.

"ಯಾಕಲೇ! ನಿಮ್ಮಪ್ಪನ್ನ ಬಂಗಾರದಂಗ ಇಟ್ಟೇವಲ್ಲೋ!"

"ಬಂಗಾರಾದ್ರೂ ಬಗ್ಗತೈತಿ, ಮಗನ! ನಮ್ಮಪ್ಪ ಬಗ್ಗವಲ್ಲ! ಬಾ, ನೀನ ಕುಂದ್ರಸ ಬಾ!"

ಕೊರಳಪಟ್ಟಿ ಹಿಡಿದು ಎಳೆದೊಯ್ದ. ಸಂಗನಬಸವ ಎರಡು ಸಲ ಬಿದ್ದ, ಎರಡು ಸಲವೂ ಒದ್ದು ಎಬ್ಬಿಸಿದ. ಚಹಾದಂಗಡಿಯ ಮುಂದಿನವರು ಎದ್ದು ನಿಂತರು. "ನೋಡ್ರಲೇ, ಅಧ್ಯಕ್ಷರ ಮೆರವಣಿಗಿ!" ಎಂದು ಯಾರೋ ಕೂಗಿದರು. ರಕ್ತ ಕಂಡು ನಗು ಅಲ್ಲಿಗೇ ನಿಂತಿತು.

ಮನೆಯಲ್ಲಿ ಶೈಲಶ್ರೀ ಬಂದು ಅಪ್ಪನ ಎದೆಯ ಮೇಲೆ ಬಿದ್ದು ಅಳುತ್ತಿದ್ದಳು. ಈರಪ್ಪ ಅವಳ ರಟ್ಟೆ ಹಿಡಿದೆಳೆದು ಹೊರಗೆ ದಬ್ಬಿ ಅಗಳಿ ಹಾಕಿದ. ಅನ್ನವ್ವ ಕದಲಲಿಲ್ಲ. ಈರಪ್ಪ, ಸಂಗನಬಸವ ಇಬ್ಬರೂ ಬಿಸಿನೀರಿನ ಅರಿವೆ ಸುತ್ತಿದರು, ಎಣ್ಣೆ ತಿಕ್ಕಿದರು. ಕಾಲು ಹಾಗೇ ಸೆಟೆದಿತ್ತು. ಹೊರಗೆ ಹೊತ್ತು ಇಳಿಯುತ್ತಿತ್ತು.

"ಬೆನ್ನು ಹಿಡಿ," ಎಂದ ಈರಪ್ಪ ಸಂಗನಬಸವನಿಗೆ.

"ಬ್ಯಾಡೋ ಈರ್ಯಾ... ಮಲಗಿಸೇ ಮಣ್ಣು ಮಾಡೂಣು..."

"ಹಿಡಿಯಲೇ!"

ಸಂಗನಬಸವ ಹಿಡಿದ. ಅವನ ತುಟಿಯ ರಕ್ತ ಅಪ್ಪನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. ಈರಪ್ಪ ಅಪ್ಪನ ಮೊಣಕಾಲಿನ ಮೇಲೆ ತನ್ನ ಮೊಣಕಾಲೂರಿ ಇಡೀ ಮೈಯ ಭಾರ ಬಿಟ್ಟ. ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ ಸಪ್ಪಳವಾಯಿತು. ಹೊರಗೆ ಶೈಲಶ್ರೀ ಕದ ಬಡಿದು ಚೀರಿದಳು. ಸಂಗನಬಸವ ಅಲ್ಲೇ ವಾಂತಿ ಮಾಡಿಕೊಂಡ. ಈರಪ್ಪ ಇನ್ನೊಂದು ಕಾಲಿನ ಮೇಲೇರಿದ. ಆಮೇಲೆ ಸೊಂಟ. ಆಮೇಲೆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಎಳೆದು ತೆರೆದು ಲಿಂಗ ಇಟ್ಟ.

ಅಪ್ಪ ಕೂತ.

ಅನ್ನವ್ವ ಎದ್ದು ಬಂದು ಗಂಡನ ಹಣೆಗೆ ವಿಭೂತಿ ಬಳಿದಳು. ಅದೇ ಕೈಯಿಂದ ಮಗನ ಕೆನ್ನೆಗೆ ಬೀಸಿ ಹೊಡೆದಳು. ಈರಪ್ಪ ತತ್ತರಿಸಿ ಗೋಡೆ ಹಿಡಿದ.

"ಅವ್ವಾ, ಪೆಟ್ಟಿಗಿ ತಂದಾವ ಇವ..."

"ಪೆಟ್ಟಿಗಿ ಅವ ತಂದ. ನನ್ನ ಬಾಯಿ ಮುಚ್ಚಿಸಿದಾವ ಯಾರಲೇ?"

ಈರಪ್ಪ ಕೆನ್ನೆಯ ಮೇಲೆ ಐದು ಬಿಳಿ ಬೆರಳು ಹೊತ್ತುಕೊಂಡೇ ವಿಮಾನಕ್ಕೆ ಹೆಗಲು ಕೊಟ್ಟ. ಭಜನೆಯವರು ನೋಡಿದರು, ಯಾರೂ ಒರೆಸಿಕೋ ಎನ್ನಲಿಲ್ಲ.

ಕುಣಿಗೆ ಅವನೇ ಇಳಿದ. ಮೇಲಿನಿಂದ ಅಪ್ಪನನ್ನು ಇಳಿಸಿಕೊಟ್ಟರು. ಗೂಡಿನೊಳಗೆ ಕೂರಿಸುವಾಗ ಸೆಟೆತವೇನೂ ಇರಲಿಲ್ಲ. ಕಾಲುಗಳು ಅವನು ಎಳೆದತ್ತ ಬಂದವು.