ಖೌಲಾ ಯೂನಿಸ್, ೧೯೯೧

ಟಕ್ ಎಂದಿತು. ಗೋಡೆಯ ಪೆಟ್ಟಿಗೆಯಲ್ಲಿ ಸರ್ಕಾರಿ ಕರೆಂಟು ಹೋಗಿ ಬೀದಿಯ ಜನರೇಟರಿನ ಕರೆಂಟು ಬರುವಾಗಿನ ಸದ್ದು. ಹಗಲಲ್ಲಿ ಯಾರ ಕಿವಿಗೂ ಬೀಳದ ಆ ಸದ್ದು ರಾತ್ರಿ ಒಂದೂವರೆಗೆ ಬೆರಳು ನೆಟಿಗೆ ಮುರಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಲ್ಯಾಪ್‌ಟಾಪು ಕಣ್ಣುಮುಚ್ಚಿ ಮತ್ತೆ ತೆರೆಯಿತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಸುಂದುಸ್ ಎಲ್ಲವನ್ನೂ ಮೊದಲಿಂದ ತೆರೆದು ಪರದೆ ನೋಡಿದಳು. ಕರೆಂಟು ಹೋಗುವ ಮುಂಚೆ ಅಲ್ಲಿ ಆಗಷ್ಟೇ ಬಂದ ಅರ್ಧ ನಾಣ್ಯವಿತ್ತು. ಈಗ ಸೊನ್ನೆ.

"ಹೋಯ್ತು."

"ಬಂತಲ್ಲೇ," ಎಂದಳು ನೆಲದ ಹಾಸಿಗೆಯಿಂದ ಖೌಲಾ ಚಿಕ್ಕಮ್ಮ. "ಫ್ಯಾನ್ ತಿರುಗ್ತಿದೆ ನೋಡು."

"ಕರೆಂಟಲ್ಲ ಚಿಕ್ಕಮ್ಮ, ನಾಣ್ಯ."

"ನಿನ್ ಹತ್ರ ನಾಣ್ಯ ಎಲ್ಲಿತ್ತು ಹೋಗೋಕೆ?"

ಬೆಲೆಯಿಲ್ಲದ ನಾಣ್ಯ ಅದು, ಅಂಗಡಿಯಲ್ಲಿ ಒಂದು ರೊಟ್ಟಿಯೂ ಬರುವುದಿಲ್ಲ. ಆದರೆ ಜಗತ್ತಿನ ಸಾವಿರಾರು ಯಂತ್ರಗಳು ಒಟ್ಟಾಗಿ ಕಾಯುವ ಬ್ಲಾಕ್‌ಚೈನಿನ ಪರೀಕ್ಷಾ ಜಾಲದಲ್ಲಿ, ಅದಿಲ್ಲದೆ ಒಂದಕ್ಷರವನ್ನೂ ಬರೆಯಲಾಗದು. ಅದನ್ನು ಪುಕ್ಕಟೆ ಹಂಚುವ ತಾಣದಿಂದ ಅರ್ಧ ನಾಣ್ಯ ಸಿಗಲು ಸುಂದುಸ್ ನಾಲ್ಕು ದಿನ ಕಾದಿದ್ದಳು.

ಮೊಸುಲಿನ ನರ್ಸಿಂಗ್ ಶಾಲೆಯ ದಾಖಲೆ ಕೊಠಡಿ ಯುದ್ಧದಲ್ಲಿ ಸುಟ್ಟುಹೋಗಿತ್ತು. ಕಲಿತವರ ಹೆಸರು, ಪಾಸಾದ ವರ್ಷಗಳನ್ನು ಮೂರು ಮೂರು ಸಾಕ್ಷಿಗಳಿಂದ ಖಚಿತಪಡಿಸಿ, ಇನ್ನೊಮ್ಮೆ ಸುಡಲಾಗದ ಪಟ್ಟಿಯೊಂದನ್ನು ಅವಳು ಆರು ತಿಂಗಳಿಂದ ಕಟ್ಟುತ್ತಿದ್ದಳು. ಈವರೆಗೆ ಅದು ಅವಳ ಲ್ಯಾಪ್‌ಟಾಪಿನೊಳಗಿನ ಪುಟ್ಟ ಜಾಲದಲ್ಲಷ್ಟೇ ಓಡುತ್ತಿತ್ತು. ಕಾಗದ ಕಳೆದುಕೊಂಡ ನರ್ಸುಗಳ ವಿಷಯ ತೀರ್ಮಾನಿಸುವ ಸಮಿತಿಯ ಅಧ್ಯಕ್ಷ ಡಾಕ್ಟರ್ ಕುತೈಬಾ ಹೋದ ವಾರ ನಕ್ಕಿದ್ದರು: "ನಿಮ್ಮ ಯಂತ್ರದೊಳಗೆ ನೀವೇ ರಾಣಿ, ತಾಯಿ. ನನ್ನ ಫೋನಲ್ಲಿ ತೋರ್ಸಿ ನೋಡೋಣ. ಇಲ್ದಿದ್ರೆ ಹಳೇ ಪದ್ಧತಿನೇ ಇರ್ಲಿ."

ಹಳೇ ಪದ್ಧತಿಯೆಂದರೆ, ಕಾಗದವಿಲ್ಲದವರು ಹದಿನೆಂಟರ ಹುಡುಗಿಯರ ಜೊತೆ ಕೂತು ಮತ್ತೆ ಪರೀಕ್ಷೆ ಬರೆಯಬೇಕು. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದ ಖೌಲಾ ಚಿಕ್ಕಮ್ಮ ಅದನ್ನು ಒಪ್ಪಿರಲಿಲ್ಲ. "ಕಟ್ಟಡ ಸುಟ್ಟಿದ್ದು. ನನ್ ಕೈ ಸುಟ್ಟಿದೆಯಾ?" ಎಂದು ಕೇಳಿ ಎದ್ದು ಬಂದಿದ್ದಳು. ಅಂದಿನಿಂದ ಬೀದಿಯವರಿಗೆಲ್ಲ ಮನೆಯಲ್ಲೇ ಇಂಜೆಕ್ಷನ್ ಕೊಡುತ್ತಿದ್ದಳು.

ಸಮಿತಿಯ ಸಭೆ ಆ ಬೆಳಗ್ಗೆಯೇ ಎಂಟೂಕಾಲಿಗೆ. ಶಾಲೆಗಳ ದೊಡ್ಡ ಪರೀಕ್ಷೆಯ ತಿಂಗಳಾದ್ದರಿಂದ, ಪ್ರಶ್ನೆಪತ್ರಿಕೆ ಸೋರದಿರಲೆಂದು ಆರರಿಂದ ಎಂಟರವರೆಗೆ ದೇಶಕ್ಕೆ ದೇಶವೇ ಇಂಟರ್ನೆಟ್ ಇಲ್ಲದೆ ಕೂರುತ್ತಿತ್ತು. ಏನಾದರೂ ಆಗಬೇಕಿದ್ದರೆ ಆರರೊಳಗೆ ಆಗಬೇಕು.

ಸುಂದುಸ್ ತಾನು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದುತ್ತ ಹೋದಳು. ಕೊನೆಗೆ ತಪ್ಪು ಸಿಕ್ಕಿತು, ಅದೂ ತನ್ನದೇ. ಲ್ಯಾಪ್‌ಟಾಪಿನೊಳಗಿನ ಜಾಲ ಶುರುವಾಗುವಾಗ ಅಭ್ಯಾಸಕ್ಕೆಂದು ಕೆಲವು ವಿಳಾಸಗಳನ್ನೂ ಅವುಗಳ ಕೀಲಿಗಳನ್ನೂ ಕೊಡುತ್ತದೆ. ಈ ಕೆಲಸ ಕಲಿಯುವ ಎಲ್ಲರಿಗೂ, ಎಲ್ಲ ಊರಲ್ಲೂ, ಅವೇ ವಿಳಾಸಗಳು, ಅವೇ ಕೀಲಿಗಳು. ಆರು ತಿಂಗಳು ಬಳಸಿ ಬಳಸಿ ಮೊದಲನೆಯದು ಅವಳಿಗೆ ಸ್ವಂತ ಮನೆಯ ನಂಬರಿನಂತಾಗಿತ್ತು. ಹೊರಗಿನ ಜಾಲಕ್ಕೆ ಸೇರಿಸುವಾಗ ಜಾಲದ ಹೆಸರು ಬದಲಿಸಿದ್ದಳು, ತನ್ನ ವಿಳಾಸ ಬದಲಿಸಿರಲಿಲ್ಲ. ನಾಣ್ಯವನ್ನು ಆ ಮನೆಗೇ ತರಿಸಿಕೊಂಡಿದ್ದಳು. ಅದರ ಬಾಗಿಲಲ್ಲಿ, ಬಂದ ನಾಣ್ಯವನ್ನು ಬಂದ ಕೂಡಲೇ ಎತ್ತಿಕೊಂಡು ಹೋಗಲು, ಯಾರದೋ ಪ್ರೋಗ್ರಾಮು ಹಗಲೂ ರಾತ್ರಿ ಕಾದು ಕೂತಿರುತ್ತದೆ. ಹಾಗೆ ಮಾಡಬೇಡಿ ಎಂದು ಹೋದ ತಿಂಗಳಷ್ಟೇ ಇಬ್ಬರು ಹುಡುಗಿಯರಿಗೆ ತಾನೇ ಪಾಠ ಹೇಳಿದ್ದಳು.

ಜೊತೆಗೆ ಕೆಲಸ ಮಾಡುವ ಮುಹನ್ನದ್‌ಗೆ ಫೋನು ಮಾಡಿದಳು. ಅವನು ಮೊದಲು ಬಾಯಿತುಂಬ ನಕ್ಕ.

"ನೀನಾ? ಮೂರು ಸಲ ಬೀಗ ಎಳೆದು ನೋಡೋ ನೀನಾ?"

"ನಗೋದು ಮುಗೀತಾ?"

"ಮುಗೀತು. ಕೇಳು, ತಲೆ ಕೆಡಿಸ್ಕೋಬೇಡ. ಬೆಳಗ್ಗೆ ಅವ್ರ ಫೋನನ್ನ ನಿನ್ ವೈಫೈಗೆ ಹಾಕು. ನಿನ್ ಲ್ಯಾಪ್‌ಟಾಪಲ್ಲಿರೋದೇ ಅವ್ರ ಫೋನಲ್ಲಿ ಕಾಣುತ್ತೆ. ಆ ಮುದುಕ್ರಿಗೆ ಏನ್ ಗೊತ್ತಾಗುತ್ತೆ?"

ಹಾಗೆ ಮಾಡಿದರೆ ಕೆಲಸವೇನೋ ನಡೆಯುತ್ತಿತ್ತು. ಅದೇ ಅವಳಿಗೆ ಹೆದರಿಕೆ ತಂದಿತು.

"ಆ ಕೊಠಡಿ ಯಾಕೆ ಸುಟ್ಟೋಯ್ತು ಮುಹನ್ನದ್? ಎಲ್ಲಾ ಒಂದೇ ಜಾಗದಲ್ಲಿತ್ತು ಅಂತ. ಈಗ ಎಲ್ಲಾನೂ ನನ್ ಲ್ಯಾಪ್‌ಟಾಪಲ್ಲಿ ಇಟ್ಕೊಂಡು, ಜಗತ್ತಿನ ತುಂಬ ಇದೆ ಅಂತ ಸುಳ್ಳು ಹೇಳ್ಲಾ?"

"ಒಂದು ದಿನದ ಸುಳ್ಳು."

"ನೀನು ಮಲ್ಕೋ," ಎಂದು ಫೋನಿಟ್ಟಳು.

ಇನ್ನೊಂದು ದಾರಿಯಿತ್ತು. ಬೇರೊಂದು ತಾಣದಲ್ಲಿ ದಿನಗಟ್ಟಲೆ ಕಾಯಬೇಕಿಲ್ಲ, ನಮ್ಮ ಯಂತ್ರ ಗಂಟೆಗಟ್ಟಲೆ ಲೆಕ್ಕ ಬಿಡಿಸುತ್ತ ಕೂತರೆ ಕೂಲಿಯಾಗಿ ಚೂರು ಚೂರೇ ನಾಣ್ಯ ಕೊಡುತ್ತಾರೆ. ಅವಳು ಹೊಸ ಕೀಲಿ ಮಾಡಿಕೊಂಡಳು, ಎರಡು ಸಲ ಪರೀಕ್ಷಿಸಿದಳು, ಲೆಕ್ಕ ಶುರುಮಾಡಿದಳು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಎರಡಕ್ಕೆ ಅಬು ಸರ್ಮದ್ ಬೀದಿಯ ಜನರೇಟರ್ ನಿಲ್ಲಿಸುತ್ತಾನೆ.

"ಚಿಕ್ಕಮ್ಮ, ಕರೆಂಟು ಹೋದ್ರೆ ಎಲ್ಲಾ ಮುಗೀತು."

ಖೌಲಾ ಎದ್ದು ಕೂತು, ಕನ್ನಡಕವಿಲ್ಲದೆಯೇ ನಂಬರು ಒತ್ತಿದಳು.

"ಅಬು ಸರ್ಮದ್, ಎಚ್ರ ಇದೀಯಾ? ಇವತ್ತು ಬೆಳಗಾಗೋವರ್ಗೂ ಓಡಿಸು."

ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. "ಒಂದ್ ಮನೆಗೋಸ್ಕರ ಬೀದಿಗೆಲ್ಲಾ ಓಡಿಸ್ಲಾ? ಡೀಸೆಲ್ ಏನು ಟೈಗ್ರಿಸ್ ನದೀಲಿ ಹರೀತಿದೆಯಾ ಅಕ್ಕಾ?"

"ನಿಮ್ಮಮ್ಮಂಗೆ ನಲವತ್ತು ದಿನ ಸೂಜಿ ಚುಚ್ಚಿದ್ಯಾರೋ?"

"ನೀವೇ, ದೇವ್ರು ನಿಮ್ಗೆ ಆಯಸ್ಸು ಕೊಡ್ಲಿ, ಆದ್ರೆ..."

"ಸರ್ಟಿಫಿಕೇಟ್ ತೋರ್ಸು ಅಂತ ಅವತ್ತು ಕೇಳಿದ್ಯಾ?"

ಖೌಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಾಳೆ ನಿಂಗೇ ಸಕ್ಕರೆ ಕಾಯಿಲೆ ಬರುತ್ತೆ, ಹೊಟ್ಟೆ ನೋಡ್ಕೋ. ಆಗ ಈ ಬಾಗ್ಲಿಗೇ ಬರ್ಬೇಕು ನೀನು."

"ಆಯ್ತು ತಾಯಿ, ಆಯ್ತು!"

ಎರಡು ಗಂಟೆ ದಾಟಿತು. ಫ್ಯಾನು ತಿರುಗುತ್ತಲೇ ಇತ್ತು. ಬೀದಿಯಲ್ಲಿ ಯಾರದೋ ಮಹಡಿಯಿಂದ, ಸೆಖೆಗೆ ಎದ್ದವರೊಬ್ಬರು ಅಬು ಸರ್ಮದನನ್ನು ಗಟ್ಟಿಯಾಗಿ ಹರಸಿದರು.

ಲ್ಯಾಪ್‌ಟಾಪು ಇಸ್ತ್ರಿಪೆಟ್ಟಿಗೆಯಷ್ಟು ಕಾದಿತ್ತು. ಸುಂದುಸ್ ಅದರಡಿಗೆ ಎರಡು ಟೀ ಲೋಟ ಬೋರಲಿಟ್ಟು, ರಟ್ಟಿನಿಂದ ಗಾಳಿ ಹಾಕಿದಳು. ನಾಲ್ಕೂವರೆಗೆ ಬೆಳಗಿನ ನಮಾಜು ಮುಗಿಸಿ ಬಂದ ಚಿಕ್ಕಮ್ಮ ರಟ್ಟನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಮೊದಲ ಹೆಸರು ನಿಮ್ದೇ ಹಾಕ್ಲಾ? ಸಾಕ್ಷಿ ಮೂರೂ ಬಂದಿದೆ."

"ಹಾಕೋದಾದ್ರೆ ಹಾಕು. ನಂಗೇನಾಗ್ಬೇಕಿದೆ ಅದ್ರಿಂದ?"

ಐದೂಮುಕ್ಕಾಲಿಗೆ ಸಾಕಾಗುವಷ್ಟು ನಾಣ್ಯ ಕೂಡಿತು. ಸುಂದುಸ್ ವಿಳಾಸವನ್ನು ಅಕ್ಷರ ಅಕ್ಷರ ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು. ಮೊದಲು ಖಾಲಿ ಪಟ್ಟಿಯನ್ನು ಕಳಿಸಿದಳು. ಅದು ಸೇರಿತು. ಆಮೇಲೆ ಚಿಕ್ಕಮ್ಮನ ಹೆಸರನ್ನು ಕಳಿಸಿದಳು. 'ಕಾಯಲಾಗುತ್ತಿದೆ' ಎಂದು ತೋರಿಸುತ್ತಿದ್ದ ಸಾಲನ್ನೇ ನೋಡಿದಳು. ಐದು ಐವತ್ತಮೂರಕ್ಕೆ ಅದು ಹಸಿರಾಯಿತು. ಅದನ್ನು ನೋಡಬಹುದಾದ ಲಿಂಕನ್ನು ಚಿಕ್ಕಮ್ಮನ ಫೋನಿಗೂ ಕಳಿಸಿದಳು. ಏಳು ನಿಮಿಷದ ನಂತರ ದೇಶದ ಇಂಟರ್ನೆಟ್ ನಿಂತಿತು.

ಎಂಟೂಕಾಲಿಗೆ ಡಾಕ್ಟರ್ ಕುತೈಬಾ ತಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. "ಖೌಲಾ ಯೂನಿಸ್. ೧೯೯೧." ಆಮೇಲೆ ಕನ್ನಡಕ ತೆಗೆದರು. "ಇದನ್ನ ತಿದ್ದಬೇಕಾದ್ರೆ?"

"ಪಕ್ಕಕ್ಕೆ ಇನ್ನೊಂದು ಸಾಲು ಬರೀಬಹುದು ಸರ್. ಇದನ್ನ ಅಳ್ಸೋಕಾಗಲ್ಲ."

"ನಾನು ಹೇಳಿದ್ರೂ?"

"ನೀವು ಹೇಳಿದ್ರೂ ಆಗಲ್ಲ. ನಾನು ಹೇಳಿದ್ರೂ ಆಗಲ್ಲ."

ಇದು ಇನ್ನೂ ಪರೀಕ್ಷೆಯ ಜಾಲ, ಮುಂದೊಂದು ದಿನ ಇದನ್ನು ಮುಚ್ಚುತ್ತಾರೆ, ಸಮಿತಿ ಸಹಿ ಹಾಕಿದರೆ ನಿಜವಾದದ್ದಕ್ಕೆ ಬರೆಯಬೇಕು ಎಂದಳು. ರಾತ್ರಿ ತಾನು ಮಾಡಿದ ತಪ್ಪನ್ನೂ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಮುಹನ್ನದ್ ಸಾಕು ಎನ್ನುವಂತೆ ಮೇಜಿನಡಿಯಲ್ಲಿ ಅವಳ ಕಾಲು ತುಳಿದ. ಅವಳು ನಿಲ್ಲಿಸಲಿಲ್ಲ. ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡು ಫೋನಿನ ಸಾಲನ್ನು ಇನ್ನೊಮ್ಮೆ ಓದಿದರು.

"ಮಿಕ್ಕ ಹೆಸರು ಯಾವಾಗ?" ಎಂದರು.

ಮನೆಗೆ ಬಂದಾಗ ಅಂಗಳದ ಗೇಟು ಬರೀ ಒರಗಿಸಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಖೌಲಾ ಚಿಕ್ಕಮ್ಮ ಕಂಡಳು. ಆಸ್ಪತ್ರೆಯ ದಿನಗಳ ಬಿಳಿ ಕೋಟು ತೊಟ್ಟಿದ್ದಳು. ಮಡಿಕೆಯ ಗೆರೆಗಳು ಹಳದಿಗಟ್ಟಿದ್ದವು, ಗುಂಡಿಗಳು ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅದರೆದುರು ಕೈಗಳನ್ನು ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತು, ಹಾಜರಿ ಕೊಡುವ ಹುಡುಗಿಯಂತೆ ತನ್ನ ಹೆಸರು, ತಂದೆಯ ಹೆಸರು, ವರ್ಷ ಹೇಳಿದಳು. ದನಿ ಒಡೆಯಿತು. ಕೆಮ್ಮಿ, ಮತ್ತೆ ಮೊದಲಿಂದ ಹೇಳಿದಳು.

ಸುಂದುಸ್ ಹಿಂದಕ್ಕೆ ಹೆಜ್ಜೆಯಿಟ್ಟು ಬೀದಿಗೆ ಬಂದಳು. ನೂರರವರೆಗೆ ಎಣಿಸಿದಳು. ಆಮೇಲೆ ಗೇಟನ್ನು ಬೇಕೆಂದೇ ಕಿರುಗುಟ್ಟಿಸಿ, "ಚಿಕ್ಕಮ್ಮಾ, ಹೊಟ್ಟೆ ಹಸೀತಿದೆ!" ಎಂದು ಕೂಗಿದಳು.

"ಏನಂದ್ರು ಆ ಟೈ ಕಟ್ಕೊಂಡೋರು?" ಒಳಗಿಂದ ನಲ್ಲಿಯ ಸದ್ದಿನ ಜೊತೆ ದನಿ ಬಂತು.

ಜೇಬಿನಲ್ಲಿ ಫೋನು ನಡುಗಿತು. ಮುಹನ್ನದ್: 'ಚಿಕ್ಕಮ್ಮ ನೋಡಿದ್ರಾ? ಏನಂದ್ರು?'

ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳು ಬರೆದಳು: 'ಏನೂ ಅನ್ನಲಿಲ್ಲ. ಪಾತ್ರೆ ತೊಳೀತಿದ್ದಾರೆ.'