ಮೇಷ್ಟ್ರ ಫೋನಿನ ಮಂಗಳಾಚರಣೆ

ಅಂಗೈಯಗಲದ ಗಾಜಿನೊಳಗೂ ಆಕಾಶದಗಲಕ್ಕೂ ಸಮನಾಗಿ ತುಂಬಿರುವ, ಅಕ್ಷರದಲ್ಲಿ ಅಡಗಿ ಅರ್ಥದಲ್ಲಿ ಬೆಳಗುವ ವಾಗ್ದೇವತೆಗೆ ಮೊದಲು ಕೈಮುಗಿಯೋಣ. ಮರೆವು ನಮ್ಮದು, ನೆನಪು ಆಕೆಯದು. ನಾವು ಎಡವಿದಲ್ಲಿ ಆಕೆ ಕೈ ಹಿಡಿಯಲಿ. ಹಿಡಿಯುವ ಮೊದಲು ಒಂದಿಷ್ಟು ನಕ್ಕರೂ ನಮ್ಮದೇನೂ ಅಡ್ಡಿಯಿಲ್ಲ.

ಹಳೆಯ ಕಾವ್ಯಗಳನ್ನು ಅರೆದು ಕುಡಿದ ಮೇಷ್ಟ್ರೊಬ್ಬರಿದ್ದರು. ಅವರ ಬಳಿ ಸ್ಮಾರ್ಟ್‌ಫೋನೊಂದಿತ್ತು. ಆದರೆ ಅದರಲ್ಲಿ ಅವರು ಯಾರೊಡನೆಯೂ ಮಾತನಾಡಿದವರಲ್ಲ. ಮಗಳು ಹೊಸದನ್ನು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಫೋನು ಅದು. ಸಿಮ್ ತೆಗೆದಾಗಿತ್ತು, ಸ್ಪೀಕರು ಸತ್ತಿತ್ತು, ಗಾಜಿನ ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು ಬಿಟ್ಟಿತ್ತು. "ಮೌನವ್ರತ ಹಿಡಿದ ಫೋನು. ಇಷ್ಟು ಸಾಧುವಾದ ಯಂತ್ರ ಬೇರೆ ಎಲ್ಲಿ ಸಿಗುತ್ತೆ?" ಎಂದು ಮೇಷ್ಟ್ರು ಅದನ್ನು ತಮ್ಮ ಬರಹಗಳನ್ನು ಹೊತ್ತೊಯ್ಯುವ ಪೆಟ್ಟಿಗೆಯನ್ನಾಗಿ ಮಾಡಿಕೊಂಡಿದ್ದರು.

ಅದಕ್ಕೂ ಮುನ್ನ ಪೆನ್‌ಡ್ರೈವುಗಳನ್ನು ಬಳಸಿ ನೋಡದೆ ಇರಲಿಲ್ಲ. ಒಂದು, ಅಂಗಿಯ ಜೇಬಿನಲ್ಲಿ ಕುಳಿತು ಬಟ್ಟೆಗಳೊಡನೆ ಒಗೆಸಿಕೊಂಡು, ಒಳಗೂ ಹೊರಗೂ ಶುಭ್ರವಾಗಿ ಹೊರಬಂದಿತ್ತು. ಇನ್ನೊಂದನ್ನು ಓದುತ್ತಿದ್ದ ಪುಟಕ್ಕೆ ಗುರುತಾಗಿ ಇಟ್ಟು, ಆ ಪುಸ್ತಕವನ್ನೇ ಗ್ರಂಥಾಲಯಕ್ಕೆ ಹಿಂದಿರುಗಿಸಿದ್ದರು. ಮಿಂಚಂಚೆಯಲ್ಲಿ ಕಳಿಸಬಹುದಲ್ಲ ಎಂದರೆ, "ಗಾಳಿಯಲ್ಲಿ ಬಿಟ್ಟದ್ದು ಗಾಳಿಗೇ" ಎನ್ನುವರು. ಫೋನಾದರೆ ಕೈಗೆ ಸಿಗುವಂಥದ್ದು. ಜೇಬಿನಲ್ಲಿದ್ದರೆ ಇದೆಯೆಂದು ಭಾರವೇ ಹೇಳುತ್ತದೆ.

ಅಟ್ಟವಿರುವ ಮನೆಗೆ ಗಂಟುಗಳು ಹುಡುಕಿಕೊಂಡು ಬರುತ್ತವೆ. ಮೇಷ್ಟ್ರ ಫೋನಿನಲ್ಲಿ ಜಾಗವಿದೆಯೆಂದು ತಿಳಿದದ್ದೇ ತಡ, ಅವರ ಅಕ್ಕ ಮಂಡಿಯ ಎಕ್ಸ್‌ರೇ ತಂದು ಹಾಕಿಸಿದರು. ಭಾವಮೈದುನ ತಾನು ಕಟ್ಟಲಿರುವ ಮನೆಯ ನಕ್ಷೆಗಳನ್ನು ತುಂಬಿದ. ಮಡದಿ ಕಿಟಕಿಯ ಪರದೆಗಳ ಅಳತೆ ಸೇರಿಸಿದರು. ಮೇಷ್ಟ್ರು ಯಾರಿಗೂ ಬೇಡವೆನ್ನಲಿಲ್ಲ. ಆದರೆ ಒಂದು ಕಟ್ಟಳೆ ಮಾಡಿದರು: ಮಂಗಳಾಚರಣೆಯಿಲ್ಲದೆ ಯಾವ ಫೈಲೂ ಆ ಪೆಟ್ಟಿಗೆಯನ್ನು ಪ್ರವೇಶಿಸಕೂಡದು. ಪ್ರತಿಯೊಂದರ ಹೆಸರಿನ ಮೊದಲಿಗೂ 'ಶ್ರೀಮತ್ಸಕಲವಿದ್ಯಾಧಿದೇವತಾಪ್ರಸಾದಸಿದ್ಧಿರಸ್ತು ನಿರ್ವಿಘ್ನಪರಿಸಮಾಪ್ತಿರಸ್ತು ಸಮಸ್ತಸನ್ಮಂಗಳಾನಿ ಭವಂತು' ಎಂದಿರಬೇಕು. ಆಮೇಲೆ ಬೇಕಾದ ಹೆಸರು.

"ನನ್ನ ಮಂಡಿಗ್ಯಾಕೋ ಇಷ್ಟೆಲ್ಲ ಪೀಠಿಕೆ?" ಎಂದು ಅಕ್ಕ ಕೇಳಿದ್ದುಂಟು.

"ನಿರ್ವಿಘ್ನವಾಗಿ ಮಡಚಲಿ ಅಂತ ಅಕ್ಕಾ."

ಇಷ್ಟುದ್ದದ ಹೆಸರನ್ನು ಹೊರುವ ತ್ರಾಣ ಫೋನಿಗಿರಲಿಲ್ಲ. ಹೆಸರಿಗೆಂದು ಅದು ಕೊಡುವ ಜಾಗವನ್ನೆಲ್ಲ ಮಂಗಳಾಚರಣೆಯೇ ಉಂಡು ತೇಗಿತು. ಅದರ ಮುಂದೆ ಬರೆದ ಎಕ್ಸ್‌ರೇ, ನಕ್ಷೆ, ಪರದೆ ಎಲ್ಲವೂ ಅಂಚಿನಿಂದಾಚೆ ಬಿದ್ದುಹೋಗಿದ್ದವು. ಒಂದೇ ಹೆಸರಿನವು ಬೆರೆಯದಿರಲೆಂದು ಫೋನು ತಾನೇ ಕೊನೆಗೊಂದು ಅಂಕಿ ಅಂಟಿಸಿತ್ತು. ಮೇಷ್ಟ್ರು ಇದನ್ನು ಗಮನಿಸಿರಲಿಲ್ಲ. ಸಾಲುಸಾಲಾಗಿ ಮಂಗಳವೇ ಕಾಣುತ್ತಿರುವಾಗ ಯಾವ ಭಕ್ತ ತಾನೇ ದೂರುವನು?

ಹೀಗಿರಲು, ಅವರ ಬಾಳಿನ ದೊಡ್ಡ ಕೆಲಸ ಮುಗಿಯಿತು. ತಾರುಣ್ಯದಲ್ಲಿ ತಮ್ಮ ಗುರುಗಳಿಂದ ಪಾಠ ಹೇಳಿಸಿಕೊಂಡ ಕಾವ್ಯವೊಂದಕ್ಕೆ ಅವರು ವ್ಯಾಖ್ಯಾನ ಬರೆಯುತ್ತ ಬಂದಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿದವರು ಮಡದಿ. ಟೈಪಾದ ಹಾಳೆಯನ್ನು ಮೇಷ್ಟ್ರು ಒಡನೆಯೇ ಹರಿದು ರದ್ದಿಗೆ ಎಸೆಯುತ್ತಿದ್ದರು. ಗುರುಗಳಿಗೀಗ ತುಂಬು ವೃದ್ಧಾಪ್ಯ. ಕಣ್ಣಿನ ಬೆಳಕು ದಿನದಿನಕ್ಕೂ ಕುಂದುತ್ತಿತ್ತು. "ಅಕ್ಷರ ಕಾಣ್ತಿರೋವಾಗಲೇ ತಂದು ತೋರಿಸಯ್ಯಾ. ಆಮೇಲೆ ತಂದರೆ ಮೂಸಿ ನೋಡಬೇಕಾಗುತ್ತೆ" ಎಂದು ಹೇಳಿಕಳಿಸಿದ್ದರು. ಮುದ್ರಣಾಲಯದಲ್ಲೋ ಮರುದಿನ ಮಧ್ಯಾಹ್ನದಿಂದ ಶಾಲೆಯ ಪಠ್ಯಪುಸ್ತಕಗಳ ಸರದಿ. ಅದು ಶುರುವಾದರೆ ಯಂತ್ರ ತಿಂಗಳುಗಟ್ಟಲೆ ಬಿಡುವಾಗದು. ಅದಕ್ಕೆ ಮುನ್ನ ಪುಸ್ತಕ ಏರಿದರೆ ಏರಿತು. ಇದರ ಮೇಲೆ, ಮಡದಿ ಫೋನಿಗೆ ಪುಸ್ತಕವನ್ನು ತುಂಬಿಸಿದ ಸಂಜೆಯೇ ಮನೆಯ ಕಂಪ್ಯೂಟರು ಒಮ್ಮೆ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಅಲ್ಲಿಗೆ ಆ ವ್ಯಾಖ್ಯಾನ ಲೋಕದಲ್ಲಿ ಉಳಿದಿದ್ದುದು ಬಿರುಕುಬಿಟ್ಟ ಆ ಒಂದು ಫೋನಿನಲ್ಲಿ ಮಾತ್ರ.

"ರೀ, ಯಾವ ಫೈಲು ಅಂತ ಹೇಳಿಬಿಡ್ತೀನಿ ಕೇಳಿ," ಎಂದರು ಮಡದಿ, ಮೇಷ್ಟ್ರು ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿರುವಾಗ.

"ನನ್ನ ಪುಸ್ತಕದ ಗುರುತು ನನಗೇ ಹೇಳಿಕೊಡ್ತೀಯೇನೇ? ಹೆತ್ತವರಿಗೆ ಮಗು ಯಾವುದು ಅಂತ ತೋರಿಸಬೇಕಾ?"

"ಹೆತ್ತವರು ನೀವು ಸರಿ. ಸ್ನಾನ ಮಾಡಿಸಿದ್ದು ನಾನು," ಎಂದು ಮಡದಿ ಬಾಗಿಲು ಹಾಕಿಕೊಂಡರು.

ಮುದ್ರಣಾಲಯದ ಯಜಮಾನ ಒಂದು ಕಾಲಕ್ಕೆ ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡ ಶಿಷ್ಯ. ಉಗುರಿನ ಸಂದಿಯ ಕಪ್ಪು ಎಂದೂ ಹೋಗದಿದ್ದುದರಿಂದ ಎಲ್ಲರೂ ಅವನನ್ನು ಮಸಿಯಪ್ಪ ಎನ್ನುತ್ತಿದ್ದರು. ಅವನು ಕೇಬಲ್ಲು ಸಿಕ್ಕಿಸಿ, ಕಂಪ್ಯೂಟರಿನ ಪರದೆ ನೋಡಿ, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿದ.

"ಮೇಷ್ಟ್ರೇ, ಇಲ್ಲಿ ಎಲ್ಲದಕ್ಕೂ ಒಂದೇ ಹೆಸರಿದೆ."

"ಒಂದೇ ಅಲ್ಲಯ್ಯಾ. ಕೊನೆಗೆ ನೋಡು, ಅಂಕಿ ಬೇರೆಬೇರೆ."

"ಅಂಕಿಯಲ್ಲಿ ನಿಮ್ಮ ಪುಸ್ತಕ ಯಾವುದು?"

ಮೇಷ್ಟ್ರು ಗಡ್ಡ ಕೆರೆದುಕೊಂಡರು. ಗೋಡೆಯ ಮೇಲಿನ ಗಡಿಯಾರದತ್ತ ಒಮ್ಮೆ ನೋಡಿದರು. "ತೆಗೆದು ನೋಡೋಣ. ಇದೇನು ಮಹಾ ಸಮುದ್ರಮಥನವೇ?"

ಮಥನ ಮೊದಲಾಯಿತು, ಅಮೃತವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬಂತು. ಮೊದಲು ಎದ್ದುಬಂದದ್ದು ಅಕ್ಕನ ಮಂಡಿ, ಪರದೆಯ ತುಂಬ ಬೆಳ್ಳಗೆ. "ಮುಖಪುಟಕ್ಕಾ ಇದು? ಚೆನ್ನಾಗಿದೆ. ಪೂರ್ಣಚಂದ್ರನ ಹಾಗಿದೆ," ಎಂದ ಮಸಿಯಪ್ಪ. ಬಳಿಕ ಭಾವಮೈದುನನ ಮನೆಯ ನಕ್ಷೆ. ಅದರ ಬಳಿಕ ಅದೇ ಮನೆಯ ಮೆಟ್ಟಿಲು ಬಲಕ್ಕೆ ಹೋದ ನಕ್ಷೆ. ಹೆಂಡತಿ ಒಪ್ಪದೆ ಮೆಟ್ಟಿಲು ಎಡಕ್ಕೆ ಬಂದ ನಕ್ಷೆ. ಕಡೆಗೆ ಸಿಟ್ಟಿಗೆದ್ದು ಮೆಟ್ಟಿಲೇ ಇಲ್ಲದ ನಕ್ಷೆ. ಅದಾದ ಮೇಲಿನದನ್ನು ಒತ್ತಿದೊಡನೆ ಭೂಮಿಯ ಒಡಲಿನಿಂದ ಎದ್ದಂತೆ ಒಂದು ಘೋರನಾದ ಹೊರಟು ಕೋಣೆಯ ಗಾಜುಗಳು ಅದುರಿದವು. ಒಳಗಿನಿಂದ ಯಂತ್ರ ನಡೆಸುವವನು ಓಡಿಬಂದ.

"ಅಚ್ಚಿನ ಪ್ಲೇಟೇ ಕೂರಿಸಿಲ್ಲ, ಯಾರ್ರೀ ಮಿಷನ್ನು ಶುರು ಮಾಡಿದ್ದು?"

"ಮಿಷನ್ನಲ್ಲಪ್ಪಾ," ಎಂದರು ಮೇಷ್ಟ್ರು ತಲೆ ತಗ್ಗಿಸಿ. "ನಾನೇ. ಗೊರಕೆ. ಗಂಟಲು ಡಾಕ್ಟರಿಗೆ ಕೇಳಿಸೋಕೆ ಅಂತ ಮನೆಯವಳು ಹಿಡಿದಿಟ್ಟಿದ್ದು."

"ಇದಕ್ಕೂ ನಿರ್ವಿಘ್ನಪರಿಸಮಾಪ್ತಿರಸ್ತು ಅಂತಿದೆಯಲ್ಲ ಮೇಷ್ಟ್ರೇ?"

"ಅದು ಅವಳದೇ ಪ್ರಾರ್ಥನೆ ಇರಬೇಕು."

ಹೊತ್ತು ಜಾರುತ್ತಿತ್ತು. ಹೊರಗೆ ಪಠ್ಯಪುಸ್ತಕದ ಕಾಗದ ಹೊತ್ತ ಲಾರಿ ಬಂದು ನಿಂತು ಹಾರನ್ನು ಬಾರಿಸಿತು. ಮಸಿಯಪ್ಪ ಪಟ್ಟಿಯ ತಳಕ್ಕಿಳಿದು ನಿಂತ.

"ಇದೊಂದಕ್ಕೆ ಮಾತ್ರ ನಿಮ್ಮ ಮಂತ್ರ ಇಲ್ಲ. ಬರೀ 'ಕಾಟ' ಅಂತಿದೆ."

ಮೇಷ್ಟ್ರು ಕಿವಿ ಮುಚ್ಚಿಕೊಂಡರು. "ಶಾಂತಂ ಪಾಪಂ! ಯಾವನೋ ಅನಾಚಾರಿ ನನ್ನ ಪೆಟ್ಟಿಗೆಗೆ ಕದ್ದು ತುರುಕಿದ್ದಾನೆ. ಈ ಅಪಶಕುನ ಒಳಗಿದ್ದರೆ ಪುಸ್ತಕ ಸಿಕ್ಕೋದಾದರೂ ಹೇಗೆ? ಅಳಿಸಯ್ಯಾ ಅದನ್ನ, ಮೊದಲು ಅಳಿಸು."

"ತೆಗೆದಾದರೂ ನೋಡೋಣ..."

"ಅಮಂಗಳವನ್ನ ತೆಗೆದು ಬೇರೆ ನೋಡ್ತಾರಾ? ಅಳಿಸು ಅಂದೆ!"

ಕಿವಿ ಹಿಂಡಿದ ಕೈಯ ನೆನಪು ಮಸಿಯಪ್ಪನಿಗೆ ಇನ್ನೂ ಬಿಸಿಯಾಗಿತ್ತು. ಅವನು ಆಜ್ಞೆ ಪಾಲಿಸಿದ. 'ಶಾಶ್ವತವಾಗಿ ಅಳಿಸಬೇಕೆ?' ಎಂದು ಕಂಪ್ಯೂಟರು ಕೇಳಿತು. ಅವನ ಬೆರಳು ಮೌಸಿನ ಮೇಲೆ ಬಾಗಿತು. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು.

"ಅಮ್ಮಾ, ನಮಸ್ಕಾರ... ಹೂಂ, ಇಲ್ಲೇ ಇದ್ದಾರೆ... ಪರದೆ ಅಳತೆನಾ? ಅದಿನ್ನೂ ಸಿಕ್ಕಿಲ್ಲಮ್ಮ, ನಾವು ಗೊರಕೆವರೆಗೆ ಬಂದಿದ್ದೀವಿ."

ಮೇಷ್ಟ್ರು ಫೋನು ಕಿತ್ತುಕೊಂಡರು. "ಇಲ್ಲಿ ಪ್ರಾಣ ಹೋಗ್ತಿದೆ, ನಿನಗೆ ಪರದೆಯ ಚಿಂತೆಯೇನೇ?"

"ಹೊಲಿಯೋನು ಬಾಗಿಲಲ್ಲಿ ನಿಂತಿದ್ದಾನಲ್ರೀ. ಯಾಕೆ, ಪುಸ್ತಕ ಇನ್ನೂ ಕೊಟ್ಟಿಲ್ವಾ?"

"ಸಿಕ್ಕರೆ ತಾನೇ?"

"ಸಿಗದೆ ಎಲ್ಲಿ ಹೋಗುತ್ತೆ? ಕೊನೇದು. ಕಾಟ ಅಂತ."

ಮೇಷ್ಟ್ರು ಮೆಲ್ಲಗೆ ತಿರುಗಿ ನೋಡಿದರು. ಮಸಿಯಪ್ಪನ ಬೆರಳು ಇನ್ನೂ ಮೌಸಿನ ಮೇಲಿತ್ತು. ಅವರ ಬಾಯಿಂದ ಒಂದು ಕೂಗು ಹೊರಟಿತು. ಅದರ ಮುಂದೆ ಗೊರಕೆ ಏನೇನೂ ಅಲ್ಲ. ಮಸಿಯಪ್ಪ ಕುರ್ಚಿಸಮೇತ ಹಿಂದಕ್ಕೆ ಹಾರಿದ. ಮೌಸು ಮೇಜಿನಿಂದ ಬಿದ್ದು ನೇತಾಡಿತು. ಫೈಲು ಉಳಿಯಿತು.

"ಏನ್ರೀ ಅದು ಸದ್ದು?"

"ಏನಿಲ್ಲ," ಎಂದರು ಮೇಷ್ಟ್ರು ಉಸಿರು ತಂದುಕೊಂಡು. "ಯಾಕೇ ಆ ಹೆಸರಿಟ್ಟೆ? ಅಷ್ಟು ಕಾಟ ಕೊಟ್ಟೆನಾ?"

"ಟೈಪು ಮಾಡಿದೋಳನ್ನ ಕೇಳಿ. ಒಂದು ಪದಕ್ಕೆ ನಾಲ್ಕು ಅರ್ಥ ಹೇಳಿ, ರಾತ್ರಿಯೆಲ್ಲ ಯೋಚನೆ ಮಾಡಿ, ಬೆಳಿಗ್ಗೆ ನಾಲ್ಕನ್ನೂ ಹೊಡೆಸಿಹಾಕಿ ಐದನೇದು ಬರೆಸ್ತಿದ್ರಲ್ಲ? ಮತ್ತೆ, ಮಂಗಳ ಮಂಗಳ ಅಂತ ನಾನೂ ಬರೆದಿದ್ರೆ ಗುಂಪಲ್ಲಿ ಗೋವಿಂದ ಆಗ್ತಿತ್ತು. ಬೇಕಾದ ವಸ್ತು ಥಟ್ಟನೆ ಕಣ್ಣಿಗೆ ಬೀಳಬೇಕಪ್ಪಾ."

ಮೇಷ್ಟ್ರು ಪರದೆಯ ಅಳತೆಯ ಫೈಲನ್ನು ತಾವೇ ಕುಳಿತು ಹುಡುಕಿ, ಉದ್ದಗಲಗಳನ್ನು ಕಾವ್ಯ ವಾಚನದಂತೆ ಸ್ಪಷ್ಟವಾಗಿ ಫೋನಿನಲ್ಲಿ ಓದಿ ಹೇಳಿದರು. ಅತ್ತ ಯಂತ್ರ ಈ ಬಾರಿ ನಿಜವಾಗಿಯೇ ಗುಡುಗಿತು. ಮಸಿಯಪ್ಪ ಲಾರಿಯವನಿಗೆ ಚಹಾ ಕುಡಿಸಿ, ಅದು ಸಾಲದೆ ಊಟವನ್ನೂ ಹಾಕಿಸಿ ತಡೆದು ನಿಲ್ಲಿಸಿದ.

ಪುಸ್ತಕದ ಹೊಲಿಗೆಯಾಗುವವರೆಗೆ ಮೇಷ್ಟ್ರಿಗೆ ತಾಳ್ಮೆಯೆಲ್ಲಿ? ಅಂಚು ಕತ್ತರಿಸದ, ಮಸಿಯಾರದ ಹಾಳೆಗಳನ್ನು ಮಡಿಸಿ ಎದೆಗವಚಿಕೊಂಡು ಗುರುಗಳ ಮನೆಗೆ ನಡೆದರು. ಗುರುಗಳು ಕಿಟಕಿಯ ಬಳಿ ಕುಳಿತು ಭೂತಗನ್ನಡಿ ಹಿಡಿದರು. ಬೆರಳು ಪುಟದ ಅಂಚಿಗೆ ಸರಿದು ನಿಂತಿತು. ಯಾವ ಫೈಲಿನ ಹಾಳೆಯೆಂದು ಕೆಲಸದವರಿಗೆ ತಿಳಿಯಲೆಂದು ಯಂತ್ರವು ಕತ್ತರಿಸಿಹೋಗುವ ಅಂಚಿನಲ್ಲಿ ಅದರ ಹೆಸರನ್ನು ಅಚ್ಚೊತ್ತಿರುತ್ತದೆ.

"ಕಾ-ಟ," ಎಂದು ಗುರುಗಳು ಕೂಡಿಸಿ ಓದಿದರು. ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಗುರುಗಳು ಇನ್ನೊಂದು ಹಾಳೆ ತಿರುವಿದರು, ಅಲ್ಲಿಯೂ ಅದೇ. ಅವರ ಹೊಟ್ಟೆ ಕುಲುಕತೊಡಗಿತು; ನಗೆ ಕೆಮ್ಮಾಗಿ, ಕೆಮ್ಮು ಕಣ್ಣೀರಾಯಿತು.

"ವ್ಯಾಖ್ಯಾನ ಅಂದ್ರೆ ಇನ್ನೇನಯ್ಯಾ? ಕವಿಗೂ ಕಾಟ, ಓದೋನಿಗೂ ಕಾಟ. ಇಷ್ಟು ಸತ್ಯವಂತ ಹೆಸರಿಟ್ಟವರು ಯಾರು?"

"ನನ್ನ ಹೆಂಡತಿ."

"ಆಕೆಗೆ ನನ್ನ ನಮಸ್ಕಾರ ಹೇಳು. ಸರಿ, ಮೊದಲ ಪದ್ಯ ನಾನೇ ಓದ್ತೀನಿ. ಎರಡನೇದರಿಂದ ನೀನು," ಎಂದು ಗುರುಗಳು ಹಾಳೆಯನ್ನು ಬೆಳಕಿಗೆ ಹಿಡಿದರು.

ಅವರ ಕಣ್ಣಿಗೆ ಅಂದು ಅಕ್ಷರ ಕಂಡಂತೆ, ಇದನ್ನು ಕೇಳಿದವರೆಲ್ಲರಿಗೂ ಬೇಕಾದದ್ದು ಬೇಕಾದ ಹೊತ್ತಿಗೆ ಕಾಣಿಸಲಿ. ಅವರ ಪೆಟ್ಟಿಗೆಗಳು ತುಂಬಿರಲಿ, ಕೇಬಲ್ಲುಗಳು ಸಡಿಲವಾಗದಿರಲಿ. ಅಳಿಸಬೇಕೆ ಎಂದು ಯಂತ್ರ ಕೇಳುವಾಗ, ತಡೆಯಬಲ್ಲವರ ಕರೆಯೊಂದು ತಪ್ಪದೆ ಬರಲಿ. ಎಲ್ಲರ ಮನೆಯಲ್ಲೂ ಇಂಥ ಮಧುರವಾದ ಕಾಟ ನೂರ್ಕಾಲ ಬಾಳಲಿ.