ಎಡಸೀಟಿನ ಕೈ

ನಮ್ಮ ಮನೆಯವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರು ಮೊದಲು ನನ್ನನ್ನು ನೋಡಿ ಕಣ್ಣೊರೆಸಿಕೊಂಡರು, ಆಮೇಲೆ ಅಂಗಳದಲ್ಲಿ ನಿಂತ ಅಂಬಾಸಿಡರ್ ನೋಡಿ, "ಇದನ್ನೇನ್ ಮಾಡ್ತೀರಿ?" ಎಂದರು. ಕೆಲವರು ಕಣ್ಣೊರೆಸಿಕೊಳ್ಳುವುದನ್ನು ಬಿಟ್ಟು ನೇರವಾಗಿ ಗಾಡಿಯ ಮಾತಿಗೇ ಬಂದರು.

ನಮ್ಮ ಮನೆಯವರ ಅಣ್ಣ ಭರಮಣ್ಣನವರು ಕೇಳುವ ಗೋಜಿಗೇ ಹೋಗಲಿಲ್ಲ. ಹಾವೇರಿಯಲ್ಲಿ ಮದುವೆಗಳಿಗೆ ಹಳೆಯ ಗಾಡಿ ಬಾಡಿಗೆ ಕೊಡುವವನೊಬ್ಬನನ್ನು ಗೊತ್ತುಮಾಡಿಕೊಂಡೇ ಕರ್ಜಗಿಯಿಂದ ರಾಣೆಬೆನ್ನೂರಿಗೆ ಬಂದಿದ್ದರು.

"ನಿಂತಲ್ಲೇ ತುಕ್ಕ ಹಿಡೀತೈತಿ ದೇವವ್ವ. ಕೊಟ್ಟಬಿಡು."

"ನಾ ಓಡಸ್ತೀನ್ರಿ ಭಾವಾರ."

"ಓಡಸ್ತಿದ್ದಿ. ಕನಕಪ್ಪ ಇದ್ದಾಗ."

ಆ ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅವರೇ ನನಗೆ ಗಾಡಿ ಕಲಿಸಿದರು. ನೆಟ್ಟಗಿನ ರಸ್ತೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಆ ಗಾಡಿಯ ಸ್ಟಿಯರಿಂಗು ಬೀಸುವ ಕಲ್ಲಿನಷ್ಟು ಭಾರ. ತಿರುವು ಬಂದಾಗ ಅವರು ಎಡಸೀಟಿನಿಂದ ಬಲಗೈ ಚಾಚಿ, ಚಕ್ರದ ಅಂಚು ಹಿಡಿದು, ನನ್ನೊಡನೆ ಎಳೆಯುತ್ತಿದ್ದರು. ಬಾಯಲ್ಲಿ ಮಾತ್ರ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರದ ಸುದ್ದಿಯೇ ನಡೆದಿರುತ್ತಿತ್ತು. ಗಾಡಿ ಓಡಿಸುವವಳು ಟೀಚರು ಎಂದು ಊರಿಗೆಲ್ಲ ತಿಳಿದಿತ್ತು. ತಿರುಗಿಸುವ ಕೈಗಳಲ್ಲಿ ಒಂದು ಅವರದೆಂದು ನಮ್ಮಿಬ್ಬರಿಗೇ ಗೊತ್ತೆಂದುಕೊಂಡಿದ್ದೆ. ಭಾವನವರಿಗೂ ಗೊತ್ತಿತ್ತು.

"ವರ್ಷದ ದಿನ ಐರಣಿ ಹೊಳಿಗೆ ಹೋಗಿ ಎಡಿ ಹಿಡೀಬೇಕಲ್ರಿ," ಎಂದೆ. "ಅವತ್ತ ನಾನ ಓಡಿಸಿಕೊಂಡು ಹೋಗ್ತೀನಿ. ನೀವೂ ಬರ್ರಿ. ದಾರ್ಯಾಗ ಎಲ್ಲೆರ ನನ್ನ ಕೈ ಸೋತ್ರ, ಗಾಡಿ ಹಾವೇರಿಗೆ ಹೋಗ್ಲಿ."

ಅವರು ಒಪ್ಪಿದರು. ಒಪ್ಪುವಾಗ ನಕ್ಕರು. ಆ ನಗು ನೋಡಿಯೇ ನಾನು ಪವರ್ ಸ್ಟಿಯರಿಂಗ್ ಹಾಕಿಸುವುದೆಂದು ಗಟ್ಟಿಮಾಡಿದೆ.

ಹಾಕಿಸುವುದೇನು, ಹಾಕುವವರೇ ಸಿಗಲಿಲ್ಲ. ರಾಣೆಬೆನ್ನೂರಿನ ಗ್ಯಾರೇಜಿನವರು ಒಬ್ಬರಾದ ಮೇಲೊಬ್ಬರು ಗಾಡಿಯನ್ನು ಸುತ್ತುಹಾಕಿ ನೋಡಿ, "ಸಣ್ಣ ಹೊಸಾ ಗಾಡಿ ತಗೋರಿ ಟೀಚರ್ರ," ಎಂದರು. ನಾನು ಕೇಳಿದ್ದು ಒಂದು, ಅವರು ಹೇಳುವುದು ಇನ್ನೊಂದು. ಕೊನೆಗೆ ಫೋನಿನಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಹೇಳಿಕೊಡುವ ವಿಡಿಯೋ ಸಿಕ್ಕಿತು. ಸಣ್ಣ ಕಾರಿನ ಕರೆಂಟಿನ ಸ್ಟಿಯರಿಂಗನ್ನು ಮೋಟಾರಿನೊಂದಿಗೆ ಕಳಚಿ ಹಳೆಯ ಗಾಡಿಗೆ ಕೂಡಿಸುವುದು. ಅವನು ಪ್ರತಿ ಹಂತಕ್ಕೂ "ಬಹುತ್ ಆಸಾನ್", ಬಲು ಸುಲಭ, ಎನ್ನುತ್ತಿದ್ದ. ಅವನು ಎದುರಿಗಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಾವೇರಿಯ ಗುಜರಿ ಅಂಗಡಿಯಲ್ಲಿ ಅಂಥ ಮೋಟಾರು ಸಿಕ್ಕಿತು. ಜೊತೆಗೆ ಬಂದವಳು ಜೈತೂನಬಿ, ನಮ್ಮ ಪಕ್ಕದ ಮನೆಯ ಹೊಲಿಗೆಯವಳು. ಸೊಂಟದ ಚೀಲದಲ್ಲಿ ಕತ್ತರಿಯಿಲ್ಲದೆ ಆಕೆ ಎಲ್ಲಿಗೂ ಹೊರಡುವುದಿಲ್ಲ. ಬಸ್ಸಿನಲ್ಲಿ ಆ ಮೋಟಾರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಕಂಡಕ್ಟರು ಇದೇನೆಂದು ಕೇಳಿದ್ದಕ್ಕೆ, "ಮೊಮ್ಮಗ. ಟಿಕೀಟ್ ಹತ್ತಂಗಿಲ್ಲ," ಎಂದಳು.

ಕೆಲಸ ಶುರುವಾಯಿತು. ಸ್ಟಿಯರಿಂಗಿನ ಚಕ್ರ ಕಳಚಬೇಕಾದರೆ ನಡುವಿನ ನಟ್ಟು ಬಿಚ್ಚಬೇಕು. ನಟ್ಟು ಬಂತು, ಚಕ್ರ ಬರಲಿಲ್ಲ. ಶಿವನಾಮ ಹೇಳುತ್ತ ಎಳೆದೆ. ಎಣ್ಣೆ ಬಿಟ್ಟು ಎಳೆದೆ. ಶಿವನಾಮ ಬಿಟ್ಟು ಎಳೆದಾಗ ಬಂತು. ಅದರ ಜೊತೆ ನಾನೂ ಹಿಂದಿನ ಸೀಟಿನತ್ತ ಮಗುಚಿದೆ. ಇನ್ನು ಕೆಳಗೆ ತಲೆಯಿಟ್ಟರೆ ಸೀನು. ನಮ್ಮ ಮನೆಯವರು ವರ್ಷಗಟ್ಟಲೆ ಮೆಣಸಿನಕಾಯಿಯ ಚೀಲ ಹೇರಿಕೊಂಡು ತಿರುಗಿದ ಗಾಡಿ. ನೆಲದ ಮ್ಯಾಟಿನಡಿಯ ಧೂಳೆಲ್ಲ ಖಾರ. ನಾನು ಸೀನಿದರೆ ಸ್ಪಾನರು ಬೀಳುವುದು, ಜೈತೂನಬಿ ಸೀನಿದರೆ ಬೆಳಕು ಬೇರೆಡೆಗೆ ಹೋಗುವುದು.

"ಬೆಳಕ ನಟ್ಟಿನ ಮ್ಯಾಲೆ ಹಿಡಿಯ. ನನ್ನ ಮಾರಿ ಮ್ಯಾಲೆ ಯಾಕ ಹಿಡೀತಿ?"

"ನಟ್ಟ ಯಾವುದು, ಮಾರಿ ಯಾವುದು ತಿಳೀವಲ್ದು. ಎರಡೂ ಎಣ್ಣಿ ಆಗ್ಯಾವು."

ಹಳೆಯ ಸ್ಟಿಯರಿಂಗಿನ ಕೆಳಗಿನ ಉದ್ದನೆಯ ಸರಳಿಗೆ ಒಂದು ಕಟ್ಟು ಇತ್ತು. ಪ್ರತಿ ವರ್ಷ ಮಹಾನವಮಿಗೆ ನಮ್ಮ ಮನೆಯವರು ದೇವರಗುಡ್ಡದಿಂದ ಭಂಡಾರದ ಅರಿಸಿನ ಹಚ್ಚಿದ ದಾರವನ್ನೂ ತಾಮ್ರದ ತಾಯಿತವನ್ನೂ ತಂದು ಅಲ್ಲಿ ಕಟ್ಟುತ್ತಿದ್ದರು. ಹಳೆಯದನ್ನು ಬಿಚ್ಚುತ್ತಿರಲಿಲ್ಲ, ಅದರ ಮೇಲೆಯೇ ಹೊಸದು. ಹೀಗೆ ಬೆಳೆದು ಅದು ಮುಷ್ಟಿಯಷ್ಟು ದಪ್ಪದ ಹಳದಿ ಬಳೆಯಾಗಿತ್ತು. ಸರಳು ಕಳಚಿದಾಗ ಒಂದು ಗಂಟನ್ನೂ ಬಿಚ್ಚದೆ ಅದನ್ನು ಜಾರಿಸಿ ತೆಗೆದು, ಕಣ್ಣಿಗೊತ್ತಿಕೊಂಡು, ದೇವರ ಮಾಡದಲ್ಲಿಟ್ಟೆ.

ಹೊಸ ಸ್ಟಿಯರಿಂಗಿನ ಸರಳು ಉದ್ದವಾಗಿತ್ತು. ಚಕ್ರ ನನ್ನ ಎದೆಗೇ ಬಂದು ತಾಗಿತು. ಮತ್ತೆ ಹಾವೇರಿಗೆ, ಸಲಾವುದ್ದೀನರ ಲೇತ್ ಅಂಗಡಿಗೆ ಹೋದೆವು. ಅವರು ಸರಳನ್ನು ಗಿಡ್ಡಮಾಡಿ, ಕೆಳತುದಿಗೆ ಮೊಣಕೈಯಂತೆ ಮಡಚುವ ಒಂದು ಗೆಣ್ಣು ಕೂಡಿಸಿಕೊಟ್ಟರು. ವೈರಿನ ಕೆಲಸಕ್ಕೆ ನಮ್ಮ ಓಣಿಯ ಕರೆಂಟಿನ ಹುಡುಗ ಯಲ್ಲೇಶ ಬಂದ. ಅವನು ಒಂದು ಚಿಕ್ಕ ಡಬ್ಬಿ ಕೂಡಿಸುತ್ತ, "ಗಾಡಿ ಓಡಾಕತ್ತೈತಿ ಅಂತ ಇದು ಮೋಟಾರಿಗೆ ಸುಳ್ಳ ಹೇಳತೈತ್ರಿ. ಇಲ್ಲಾಂದ್ರ ಅದು ಕೆಲಸ ಮಾಡಂಗಿಲ್ಲ," ಎಂದ. ಆಯುಷ್ಯವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದವಳು, ಸುಳ್ಳಿಲ್ಲದೆ ತಿರುಗದ ಯಂತ್ರವನ್ನು ಮನೆಗೆ ತಂದಿದ್ದೆ.

ಆದರೆ ತಿರುಗಿತು. ಅಂಗಳದಲ್ಲಿ ಎಂಜಿನ್ನು ಶುರುಮಾಡಿ ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಮಜ್ಜಿಗೆಯಲ್ಲಿ ಸೌಟು ಆಡಿಸಿದಂತೆ. ಜೈತೂನಬಿ ಚಪ್ಪಾಳೆ ತಟ್ಟಿದಳು. ನಾನು ಮಿಂದು ಬಂದು, ಕಾಯಿ ಒಡೆದು, ಭಂಡಾರ ಹಚ್ಚಿ, ಮಾಡದಲ್ಲಿಟ್ಟಿದ್ದ ಕಟ್ಟನ್ನು ತಂದೆ. ಮೇಲೆಲ್ಲ ಮೋಟಾರು ಕೂತಿತ್ತು. ಜಾಗವಿದ್ದದ್ದು ಕೆಳಗೆ ಗೆಣ್ಣಿನ ಬಳಿ ಮಾತ್ರ. ಅಲ್ಲಿಯೇ ಹೊಸ ದಾರದಿಂದ ಅದನ್ನು ಬಿಗಿದು, ಕೈಮುಗಿದು, ಮತ್ತೆ ಚಕ್ರ ಹಿಡಿದೆ.

ಎಡಕ್ಕೆ ಹೋಯಿತು. ಬಲಕ್ಕೆ ಅರ್ಧ ಹೋಗಿ ನಿಂತಿತು.

ಯಲ್ಲೇಶ ಮೀಟರು ಹಿಡಿದು ನೋಡಿ, ಎಲ್ಲ ಸರಿಯಿದೆ ಎಂದ. ಕಳಚಿದೆವು. ಕಳಚುವಾಗ ಮೊದಲು ಭಕ್ತಿಯಿಂದ ದೇವರ ಕಟ್ಟನ್ನು ತೆಗೆದಿಟ್ಟೆ. ಮರಳಿ ಕೂಡಿಸಿ ತಿರುಗಿಸಿದರೆ ಸರಾಗ. ಪೂಜೆ ಮಾಡಿದೆ. ನಿಂತಿತು. ಮತ್ತೆ ಕಳಚಿದೆವು. ಪೂಜೆಗೆ ಮುಂಚೆ ತಿರುಗುವುದು, ಪೂಜೆಯಾದ ಮೇಲೆ ಹಟಹಿಡಿಯುವುದು! ನಾನು ಅಂಗಳದಲ್ಲಿ ಕುಕ್ಕರಿಸಿ ದೇವರಗುಡ್ಡದ ಮಾಲತೇಶನನ್ನು ನೇರವಾಗಿ ಕೇಳಿದೆ: ನಿನಗೇನು ಬೇಕಪ್ಪಾ? ಗಂಡನನ್ನು ಕೊಟ್ಟೆ. ಈ ತಗಡನ್ನೂ ಕೊಡಬೇಕೇ?

"ನಿಮ್ಮ ದೇವ್ರಿಗೆ ಗುಜರಿ ಮಾಲ ಮನಸ್ಸಿಗೆ ಬಂದಿಲ್ಲ ಕಾಣ್ತೈತಿ ಟೀಚರ್ರ," ಎಂದಳು ಜೈತೂನಬಿ. "ನಾನೂ ಒಂದ್ ದುವಾ ಓದ್ಲಿ?"

ಓದಿದಳು. ಮಾರನೆಯ ದಿನ, ಗೆಣ್ಣಿನ ಎಣ್ಣೆ ತಾಗದಿರಲೆಂದು, ಕಟ್ಟನ್ನು ಮೋಟಾರಿನ ಬುಡದವರೆಗೂ ಮೇಲಕ್ಕೆ ಸರಿಸಿ ಬಿಗಿದೆ. ಎರಡೂ ಕಡೆ ತಿರುಗಿತು. ಇಬ್ಬರ ದೇವರೂ ಒಪ್ಪಿದರೆಂದು ನಾವು ಸಮಾಧಾನಪಟ್ಟೆವು.

ವರ್ಷದ ದಿನ ಬೆಳಿಗ್ಗೆ ಭಾವನವರು ಬಂದರು. ತಮ್ಮನ ಹೆಂಡತಿಯ ಪಕ್ಕ ಕೂಡುವುದೆಂತು ಎಂದು ಹಿಂದೆ ಹತ್ತಲು ಹೋದರು. ಜೈತೂನಬಿ ಎಡೆಯ ಬುಟ್ಟಿಯೊಂದಿಗೆ ಅಲ್ಲಿ ಆಗಲೇ ಕೂತಿದ್ದಳು.

"ಮುಂದ ಕುಂದ್ರಿ ಸಾವಕಾರ್ರ. ಹಿಂದಿಂದ ಕೈ ಸೋತಿದ್ದು ಹೆಂಗ ಕಾಣತೈತಿ?"

ಅವರು ಬಾಗಿಲಿಗೆ ಅಂಟಿಕೊಂಡು ಮುಂದೆ ಕೂತರು. ನಾನು ಗಾಡಿಯನ್ನು ನಿಧಾನವಾಗಿ ಗೇಟಿನತ್ತ ಬಿಟ್ಟೆ. ಓಣಿಗೆ ಹೊರಳಲು ಬಲಕ್ಕೆ ತಿರುಗಿಸಿದೆ. ಕೆಳಗೆ ಏನೋ ಕಟಕ್ಕೆಂದಿತು. ಚಕ್ರ ನಿಂತಿತು. ಎಡಕ್ಕೂ ಬರಲಿಲ್ಲ, ಬಲಕ್ಕೂ ಹೋಗಲಿಲ್ಲ.

"ಹೇಳಿರ್ಲಿಲ್ಲೇನು?" ಎಂದು ಭಾವನವರು ಜೇಬಿನಿಂದ ಫೋನು ತೆಗೆದರು. "ಹಾವೇರ್ಯಾವ್ಗ ಬಾ ಅಂತೀನಿ."

ನಾನು ಇಳಿದು, ಬಾಗಿಲು ಪೂರಾ ತೆರೆದು, ಸೀರೆಯ ಸೆರಗು ಸಿಕ್ಕಿಸಿ, ನೆಲಕ್ಕೆ ತಲೆಯಿಟ್ಟು ಕೈ ಒಳಗೆ ತೂರಿಸಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳು ಮೋಟಾರು ದಾಟಿ, ಸರಳು ದಾಟಿ, ಗೆಣ್ಣಿಗೆ ಹೋಯಿತು. ಅಲ್ಲಿ ತಣ್ಣಗೆ ತಾಮ್ರ ಸಿಕ್ಕಿತು. ಕಟ್ಟು ಮೇಲಿನಿಂದ ಜಾರಿ ಇಳಿದು, ಗೆಣ್ಣು ಮಡಚುವಲ್ಲಿ ತಾಯಿತಗಳ ಸಮೇತ ಸಿಕ್ಕಿಕೊಂಡಿತ್ತು. ಹಳೆಯ ಸರಳಿಗೆ ಗೆಣ್ಣಿರಲಿಲ್ಲ, ಕಟ್ಟು ಅದರೊಡನೆ ತಿರುಗುತ್ತಿತ್ತು. ಇಷ್ಟು ದಿನ ನಾನು ದೇವರ ಮೇಲೆ ಹೊರಿಸಿದ ಹಟವೆಲ್ಲ ನನ್ನ ಕೈಯ ಗಂಟೇ ಆಗಿತ್ತು. ಎಳೆದೆ, ಬರಲಿಲ್ಲ. ನಮ್ಮ ಮನೆಯವರು ಕಟ್ಟಿದ ದಾರಗಳು ಕಬ್ಬಿಣದ ಸಂದಿಯಲ್ಲಿ ಸೇರಿಹೋಗಿದ್ದವು.

"ಜೈತೂನಬಿ, ಕತ್ರಿ ಕೊಡ."

ಭಾವನವರು ಫೋನನ್ನು ಕಿವಿಯಿಂದ ಇಳಿಸಿದರು. "ಏನ್ ಕಡಿಯಾಕತ್ತೀ? ಅದು ಕನಕಪ್ಪ ಕಟ್ಟಿದ್ದಲ್ಲ?"

"ಹೌದ್ರಿ."

"ದೇವ್ರ ದಾರಕ್ಕ ಕತ್ರಿ ಹಾಕ್ತಿ? ವರ್ಷದ ದಿನ? ಬುದ್ಧಿ ಐತೇನ್ ನಿನಗ?"

"ಗಾಡಿ ಮಾರಿದ್ರ ಈ ದಾರ ಎಲ್ಲಿ ಹೋಗ್ತಿತ್ರಿ ಭಾವಾರ? ಹಾವೇರಿಗೆ ಹೋಗ್ತಿತ್ತಲ್ಲ?"

ಅವರು ಫೋನು ಕಟ್ ಮಾಡಿದರು. ನಾನು ಕತ್ತರಿಸಿದೆ. ಒಂದೊಂದು ಪದರಕ್ಕೂ ಕೈ ನಿಲ್ಲುತ್ತಿತ್ತು, ಖಾರದ ಧೂಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಖಾರದಿಂದಲೇ ಎಂದು ಜೈತೂನಬಿಗೆ ಹೇಳಿದೆ. ತಾಯಿತಗಳು, ದಾರದ ತುಂಡುಗಳು, ಎಲ್ಲವನ್ನೂ ಒಂದು ಅರಿವೆಯಲ್ಲಿ ಸುತ್ತಿ ಭಾವನವರ ತೊಡೆಯ ಮೇಲಿಟ್ಟೆ.

"ಹೊಳ್ಯಾಗ ಬಿಡೋಣು. ಅಲ್ಲೀತನಕ ಹಿಡಕೊಂಡ ಕುಂದ್ರಿ."

ಯಲ್ಲೇಶನನ್ನು ಕರೆಸಿ ಗೆಣ್ಣಿಗೆ, ಸರಳಿಗೆ ಪೆಟ್ಟಾಗಿಲ್ಲವೆಂದು ನೋಡಿಸಿಕೊಂಡೆ. ಅಂಗಳದಲ್ಲಿ ಎರಡೂ ಕಡೆ ಮತ್ತೆ ಮತ್ತೆ ತಿರುಗಿಸಿದೆ. ಆಮೇಲೆ ಹೊರಟೆವು. ದಾರಿಯುದ್ದಕ್ಕೂ ಭಾವನವರು, "ಎತ್ತಿನಗಾಡಿ ಬಂತು, ನಿಧಾನ," "ಹಂಪ್ ಐತಿ," "ಗೇರ್ ಹಾಕು," ಎನ್ನುತ್ತಲೇ ಇದ್ದರು. ನಾನು ಹಲ್ಲುಕಚ್ಚಿ ಓಡಿಸಿದೆ. ಐರಣಿಯೊಳಗೆ ಹೊಳೆಗೆ ಇಳಿಯುವ ಇಕ್ಕಟ್ಟಿನ ತಿರುವು ಬಂತು. ಹಿಂದೆಲ್ಲ ನಮ್ಮ ಮನೆಯವರು ದರದ ಮಾತನ್ನೂ ನಿಲ್ಲಿಸಿ ಎಳೆಯುತ್ತಿದ್ದ ತಿರುವು ಅದು. ಚಕ್ರ ತಿರುಗಿಸತೊಡಗಿದೆ. ಎಡಗಡೆಯಿಂದ ಒಂದು ಬಲಗೈ ಚಾಚಿ ಬಂದು ಚಕ್ರದ ಅಂಚನ್ನು ಹಿಡಿಯಿತು. ತಮ್ಮನಂಥದೇ ಕೈ, ಬೆರಳಿನ ಗೆಣ್ಣುಗಳೂ ಹಾಗೆಯೇ.

ನನ್ನ ಕಾಲು ಬ್ರೇಕಿಗೆ ಹೋಯಿತು.

"ಕೈ ತಗೀರಿ ಭಾವಾರ," ಎಂದೆ.

ಅವರು ತೆಗೆದರು. ಗಾಡಿ ಹೊರಳಿ ಹೊಳೆಯ ಕಡೆಗೆ ಇಳಿಯಿತು. ಹಗುರವಾಗಿ, ಬೇಕಾದದ್ದಕ್ಕಿಂತ ಹೆಚ್ಚು ಹಗುರವಾಗಿ.

ಮಿಂದು, ಎಡೆ ಹಿಡಿದು, ಅರಿವೆಯ ಗಂಟನ್ನು ಬಿಚ್ಚಿದೆವು. ದಾರಗಳನ್ನು ಭಾವನವರೇ ನೀರಿಗೆ ಬಿಟ್ಟರು. ತಾಯಿತಗಳನ್ನು ನಾನು ಸೆರಗಿಗೆ ಕಟ್ಟಿಕೊಂಡೆ. ತಿರುಗಿ ಬಂದು ಗಾಡಿ ಹತ್ತುವಾಗ ಹಾವೇರಿಯವನ ಫೋನು ಬಂತು. ಭಾವನವರು ಹೆಸರು ನೋಡಿ ಹಾಗೆಯೇ ಜೇಬಿಗೆ ಹಾಕಿಕೊಂಡರು. ಹೇಳದೆಕೇಳದೆ ಮುಂದಿನ ಸೀಟಿನಲ್ಲೇ ಕೂತು ಕಾಲು ಚಾಚಿದರು.

"ಊರಿಗೆ ಬಸ್ಸಿಗ್ಯಾಕ ಹೋಗ್ಲಿ?" ಎಂದರು. "ಕರ್ಜಗೀತನಕ ಬಿಟ್ಟಬಿಡು. ಮತ್ತ ಸ್ವಲ್ಪ ನಿಧಾನ ಓಡಸು."